ಕಡಲಾಳಕ್ಕೆ ಇಳಿಯುವ ಮುನ್ನ

ದೀಪಾವಳಿ ಮುಗಿದ ವಾರದಲ್ಲಿ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಧರ್ಮಪತ್ನಿಯೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಬಂದದ್ದು ಔಷಧಕ್ಕಲ್ಲ, ಸಹಿಗೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ತಂದೆತಾಯಿಗಳ ನಲವತ್ತನೆಯ ವಿವಾಹ ವಾರ್ಷಿಕೋತ್ಸವಕ್ಕೆಂದು ಫೆಬ್ರವರಿ ತಿಂಗಳಲ್ಲಿ ಲಕ್ಷದ್ವೀಪದ ಕಡ್ಮತ್ ದ್ವೀಪಕ್ಕೆ ಕುಟುಂಬ ಸಮೇತ ಹೋಗುವ ಏರ್ಪಾಡು ಮಾಡಿದ್ದನು. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲೊಳಗೆ ಇಳಿದು ಹವಳಗಳನ್ನು ನೋಡಿಬರುವ ಸ್ಕೂಬಾ ಡೈವಿಂಗ್ ಎಂಬ ಸಾಹಸವೂ ಆ ಏರ್ಪಾಡಿನಲ್ಲಿ ಸೇರಿತ್ತು. ಅದಕ್ಕೆ ಆರೋಗ್ಯದ ಪ್ರಶ್ನಾವಳಿಯೊಂದಿದೆ. ಮಗನು ತಂದೆಯ ಪರವಾಗಿ ಎಲ್ಲ ಪ್ರಶ್ನೆಗಳಿಗೂ ‘ಇಲ್ಲ’ ಎಂದು ಗುರುತು ಹಾಕಿ ಕಳುಹಿಸಿದ್ದನು. ಆದರೆ ಶಿಕ್ಷಕರಿಗೆ ಅರವತ್ತಾರು ವರ್ಷ. ಹನ್ನೊಂದು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತಿದ್ದಾರೆ. ಅವರ ಮನಸ್ಸು ಅಳುಕಿತ್ತು. “ಡಾಕ್ಟರ, ನೀವೊಂದು ಸಹಿ ಹಾಕಿಕೊಟ್ಟರ ನನಗೂ ಧೈರ್ಯ ಬರ್ತದ” ಎಂದರು.

ನಾವು ಆ ದಿನ ಸಹಿ ಹಾಕಲಿಲ್ಲ. ಏಕೆ ಹಾಕಲಿಲ್ಲವೆಂಬುದನ್ನು ಅವರಿಗೆ ವಿವರಿಸಲು ಒಂದು ಗಂಟೆ ಹಿಡಿಯಿತು. ಇತ್ತೀಚಿನ ವರ್ಷಗಳಲ್ಲಿ ಲಕ್ಷದ್ವೀಪ, ಅಂಡಮಾನ್, ಮಾಲ್ದೀವ್ಸ್‌ಗಳಿಗೆ ಹೊರಡುವ ಕುಟುಂಬಗಳು ನಮ್ಮ ಸದ್ಭಕ್ತರಲ್ಲಿಯೂ ಹೆಚ್ಚುತ್ತಿರುವುದರಿಂದ ಆ ಮಾತುಗಳನ್ನೇ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಬರೆಯುವುದು ಉಚಿತವೆಂದು ಭಾವಿಸಿದ್ದೇವೆ. ಹೇಳಬೇಕಾದುದು ಮುಖ್ಯವಾಗಿ ಒಂದೇ: ದೂರದ ದ್ವೀಪದಲ್ಲಿ ಮುಳುಗುವವನಿಗೆ ಮೊದಲ ರಕ್ಷಣೆಯೆಂದರೆ ತನ್ನ ದೇಹದ ವಿಷಯದಲ್ಲಿ ಮನೆಯಲ್ಲಿಯೇ ಸತ್ಯವನ್ನು ನುಡಿಯುವುದು ಮತ್ತು ಹಿಂದಿರುಗುವ ದಿನವನ್ನು ಮೊದಲು ಲೆಕ್ಕ ಹಾಕುವುದು. ಉಳಿದೆಲ್ಲ ಸಿದ್ಧತೆಗಳೂ ಇವೆರಡರ ನಂತರದವು.

ದೂರದ ಲೆಕ್ಕ

ಲಕ್ಷದ್ವೀಪವು ಅರಬ್ಬೀ ಸಮುದ್ರದಲ್ಲಿ ಕೇರಳದ ಕರಾವಳಿಯಿಂದ ಸುಮಾರು 220ರಿಂದ 440 ಕಿಲೋಮೀಟರು ದೂರದಲ್ಲಿ ಹರಡಿರುವ ಹವಳದ ದ್ವೀಪಗಳ ಸಮೂಹ. ಒಟ್ಟು ಭೂಮಿ ಕೇವಲ 32 ಚದರ ಕಿಲೋಮೀಟರು. ಜನವಸತಿಯಿರುವುದು ಹತ್ತು ದ್ವೀಪಗಳಲ್ಲಿ ಮಾತ್ರ. ನಮ್ಮ ನಾಡಿಗೆ ಇದು ತೀರ ಅಪರಿಚಿತವಲ್ಲ. ಉತ್ತರ ಭಾಗದ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರವರೆಗೆ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಮಂಗಳೂರಿನ ಹಳೆಯ ಬಂದರಿನಿಂದ ಮಂಜಿಗಳು ಅಕ್ಕಿ, ತರಕಾರಿ, ಕಟ್ಟಡ ಸಾಮಗ್ರಿಗಳನ್ನು ಹೊತ್ತು ಆ ದ್ವೀಪಗಳಿಗೆ ಹೋಗುತ್ತ ಬಂದಿವೆ.

ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ದ್ವೀಪಕ್ಕನುಗುಣವಾಗಿ ಹದಿನಾಲ್ಕರಿಂದ ಇಪ್ಪತ್ತು ಗಂಟೆಗಳ ಪ್ರಯಾಣ. ವಿಮಾನವು ಇಳಿಯುವುದು ಅಗತ್ತಿ ದ್ವೀಪದಲ್ಲಿ ಮಾತ್ರ. ಕೊಚ್ಚಿಯಿಂದ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಕಡ್ಮತ್‌ಗೆ ಮತ್ತೆ ದೋಣಿಯಲ್ಲಿ ಸಾಗಬೇಕು. ಹೊರಗಿನವರು ಹೋಗಲು ಆಡಳಿತದ ಅನುಮತಿಪತ್ರ ಬೇಕು. ಅದಕ್ಕೆ ಪೊಲೀಸ್ ಪರಿಶೀಲನಾ ಪತ್ರವೂ ಬೇಕಾಗುವುದರಿಂದ ಒಂದೆರಡು ತಿಂಗಳು ಮುಂಚಿತವಾಗಿಯೇ ಕೆಲಸ ಆರಂಭಿಸತಕ್ಕದ್ದು. ಅಕ್ಟೋಬರಿನಿಂದ ಮೇ ತಿಂಗಳ ಮಧ್ಯದವರೆಗೆ ಕಡಲು ಸಾಮಾನ್ಯವಾಗಿ ಶಾಂತ. ಮುಂಗಾರಿನ ತಿಂಗಳುಗಳಲ್ಲಿ ಅಲೆಗಳು ಏಳುತ್ತವೆ, ಸಂಚಾರ ಅನಿಶ್ಚಿತವಾಗುತ್ತದೆ.

ಈ ಲೆಕ್ಕವನ್ನು ವೈದ್ಯನ ಕಣ್ಣಿನಿಂದ ನೋಡಬೇಕು. ನಮ್ಮ ಊರಿನಲ್ಲಿ ಎದೆನೋವು ಬಂದರೆ ಅರ್ಧ ಗಂಟೆಯಲ್ಲಿ ತಾಲ್ಲೂಕು ಆಸ್ಪತ್ರೆ, ಎರಡು ಗಂಟೆಯಲ್ಲಿ ಹುಬ್ಬಳ್ಳಿ. ದ್ವೀಪಗಳಲ್ಲಿಯೂ ಆರೋಗ್ಯ ಕೇಂದ್ರಗಳಿವೆ, ವೈದ್ಯರಿದ್ದಾರೆ. ಗಂಭೀರ ಸ್ಥಿತಿಯ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುವ ವ್ಯವಸ್ಥೆಯೂ ಇದೆ. ಆದರೆ ಹೆಲಿಕಾಪ್ಟರು ಹಾರಬೇಕಾದರೆ ಹವಾಮಾನ ಅನುಕೂಲವಾಗಿರಬೇಕು. ಊರಿನಲ್ಲಿ ಸಣ್ಣದೆನಿಸುವ ತೊಂದರೆಯು ದ್ವೀಪದಲ್ಲಿ ದೂರದ ಕಾರಣದಿಂದಲೇ ದೊಡ್ಡದಾಗುತ್ತದೆ. ಆಯುರ್ವೇದವು ಚಿಕಿತ್ಸೆಯಲ್ಲಿ ದೇಶ, ಕಾಲಗಳಿಗೆ ಅಷ್ಟು ಮಹತ್ವ ಕೊಟ್ಟಿರುವುದು ಇದೇ ಅರ್ಥದಲ್ಲಿ. ರೋಗಿಯೂ ಅವನೇ, ಔಷಧವೂ ಅದೇ. ನೆಲ ಬದಲಾದರೆ ಫಲ ಬದಲಾಗುತ್ತದೆ.

ನೀರಿನ ಭಾರ

ನಮ್ಮ ಮೇಲೆ ಸದಾಕಾಲ ವಾಯುಮಂಡಲದ ಒತ್ತಡವಿದೆ. ಹುಟ್ಟಿದಂದಿನಿಂದ ಅಭ್ಯಾಸವಾಗಿರುವುದರಿಂದ ಅದು ನಮಗೆ ತಿಳಿಯುವುದಿಲ್ಲ. ಸಮುದ್ರದಲ್ಲಿ ಹತ್ತು ಮೀಟರು ಕೆಳಗೆ ಇಳಿದರೆ ಅಷ್ಟೇ ಪ್ರಮಾಣದ ಇನ್ನೊಂದು ಒತ್ತಡವು ಸೇರಿ ಎರಡು ಪಟ್ಟಾಗುತ್ತದೆ. ಇಪ್ಪತ್ತು ಮೀಟರಿಗೆ ಮೂರು ಪಟ್ಟು. ದೇಹದ ಮಾಂಸ, ರಕ್ತ, ಮೂಳೆಗಳು ಬಹುಪಾಲು ದ್ರವ ಮತ್ತು ಘನ ಪದಾರ್ಥಗಳಾದುದರಿಂದ ಈ ಒತ್ತಡವನ್ನು ಸಹಿಸುತ್ತವೆ. ಆದರೆ ದೇಹದೊಳಗೆ ಗಾಳಿಯಿರುವ ಸ್ಥಾನಗಳಿವೆ: ನಡುಗಿವಿ, ಮೂಗಿನ ಸುತ್ತಲಿನ ಎಲುಬುಗಳ ಪೊಳ್ಳುಗಳು, ಶ್ವಾಸಕೋಶ. ಒತ್ತಡ ಎರಡು ಪಟ್ಟಾದಾಗ ಗಾಳಿಯ ಗಾತ್ರ ಅರ್ಧಕ್ಕೆ ಇಳಿಯುತ್ತದೆ. ಮುಳುಗುವವನ ಬಹುತೇಕ ತೊಂದರೆಗಳ ಮೂಲ ಇಲ್ಲಿಯೇ ಇದೆ. ಗಾತ್ರದ ಈ ಬದಲಾವಣೆಯು ಅತ್ಯಂತ ತೀವ್ರವಾಗಿರುವುದು ಮೇಲಿನ ಮೊದಲ ಹತ್ತು ಮೀಟರುಗಳಲ್ಲಿ. ಆದುದರಿಂದ “ನಾವು ಹೆಚ್ಚು ಆಳಕ್ಕೆ ಹೋಗುವುದಿಲ್ಲ, ಅಪಾಯವೇನಿಲ್ಲ” ಎಂಬ ಮಾತು ತಪ್ಪು ತಿಳಿವಳಿಕೆ.

ಇನ್ನೊಂದು ಸಂಗತಿ. ಕುತ್ತಿಗೆಯವರೆಗೆ ನೀರಿನಲ್ಲಿ ಇಳಿದೊಡನೆ ಕಾಲುಗಳಲ್ಲಿದ್ದ ರಕ್ತವು ಎದೆಯ ಕಡೆಗೆ ಸರಿಯುತ್ತದೆ. ಹೃದಯದ ಕೆಲಸ ಹೆಚ್ಚುತ್ತದೆ. ಆರೋಗ್ಯವಂತನಿಗೆ ಇದು ಗೊತ್ತಾಗುವುದೂ ಇಲ್ಲ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರಿಗೆ, ಹೃದಯ ದುರ್ಬಲವಾಗಿರುವವರಿಗೆ ಕೆಲವೊಮ್ಮೆ ಶ್ವಾಸಕೋಶದಲ್ಲಿಯೇ ನೀರು ಸೇರಿ ಉಸಿರು ಕಟ್ಟುತ್ತದೆ. ನಮ್ಮ ಶಿಕ್ಷಕರ ವಿಷಯದಲ್ಲಿ ನಾವು ಮೊದಲು ಯೋಚಿಸಿದ್ದು ಇದನ್ನೇ.

ಕಿವಿ ಮತ್ತು ನೆಗಡಿ

ನಡುಗಿವಿಗೂ ಗಂಟಲಿಗೂ ಸಣ್ಣ ನಾಳವೊಂದು ಸಂಪರ್ಕ ಕಲ್ಪಿಸಿದೆ. ಘಟ್ಟ ಇಳಿಯುವಾಗ ಕಿವಿ ಮುಚ್ಚಿಕೊಂಡು, ಉಗುಳು ನುಂಗಿದಾಗ ತೆರೆದುಕೊಳ್ಳುವುದು ಎಲ್ಲರಿಗೂ ಅನುಭವದ ಮಾತು. ಮುಳುಗುವಾಗ ಇದೇ ಕ್ರಿಯೆ ಕ್ಷಣಕ್ಷಣಕ್ಕೂ ನಡೆಯಬೇಕು. ಮೂಗನ್ನು ಹಿಡಿದು ಮೆಲ್ಲಗೆ ಗಾಳಿಯನ್ನು ಕಿವಿಯ ಕಡೆಗೆ ತಳ್ಳುವುದನ್ನು ತರಬೇತುದಾರರು ಕಲಿಸುತ್ತಾರೆ. ನೋವು ಬರುವವರೆಗೆ ಕಾಯದೆ ಒಂದೊಂದು ಮೀಟರಿಗೂ ಮೊದಲೇ ಮಾಡಬೇಕು. ನೋವು ಬಂದರೆ ಬಲವಂತ ಮಾಡದೆ ಸ್ವಲ್ಪ ಮೇಲೇರಬೇಕು; ಆಗಲೂ ಕಿವಿ ತೆರೆಯದಿದ್ದರೆ ಆ ದಿನದ ಮುಳುಗುವಿಕೆಯನ್ನು ಬಿಡಬೇಕು.

ನೆಗಡಿಯಾದಾಗ ಈ ನಾಳವು ಊದಿಕೊಂಡು ಮುಚ್ಚಿರುತ್ತದೆ. ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಪರಿಚಿತರ ಮನೆಯ ಯುವಕನೊಬ್ಬ ಕಡಲಲ್ಲಿ ಮುಳುಗಲು ಹೊರಟವನು ನೆಗಡಿಯೆಂದು ನಮ್ಮಲ್ಲಿಗೆ ಬಂದ. ಹಣ ಕಟ್ಟಿಯಾಗಿತ್ತು, ಗೆಳೆಯರು ಕಾಯುತ್ತಿದ್ದರು. ನಾವು ಕಷಾಯವನ್ನೂ ಮಾತ್ರೆಗಳನ್ನೂ ಕೊಟ್ಟು, “ಏನೂ ಆಗುವುದಿಲ್ಲ, ಹೋಗಿ ಬಾ” ಎಂದೆವು. ಅವನು ಹಿಂದಿರುಗಿದ್ದು ಎಡಗಿವಿಯ ತಮಟೆ ಹರಿದುಕೊಂಡು. ಕಿವಿ ತಜ್ಞರ ಚಿಕಿತ್ಸೆಯಿಂದ ಎರಡು ತಿಂಗಳಲ್ಲಿ ಅದು ಕೂಡಿಕೊಂಡಿತು. ಆದರೆ ಅಂದು ನಾವು ಅವನ ಮೂಗನ್ನು ನೋಡಿದ್ದೆವೇ ಹೊರತು ಅವನು ಹೋಗುತ್ತಿದ್ದ ಸ್ಥಳವನ್ನು ನೋಡಿರಲಿಲ್ಲ. ಅಂದಿನಿಂದ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಯಾವ ಪ್ರಯಾಣಿಕನಿಗೂ “ಹೋಗಿ ಬಾ” ಎಂದಿಲ್ಲ.

ಮೂಗು ತೆರೆಯುವ ಮಾತ್ರೆ, ಹನಿಗಳನ್ನು ಬಳಸಿ ಮುಳುಗುವುದೂ ಜಾಣತನವಲ್ಲ. ಔಷಧದ ಪ್ರಭಾವವು ಆಳದಲ್ಲಿರುವಾಗ ಮುಗಿದರೆ ಒಳಗಿನ ಗಾಳಿ ಹೊರಬರಲಾರದೆ ಮೇಲೇರುವಾಗ ನೋವು ಕೊಡುತ್ತದೆ. ನಮ್ಮ ಮನೆಗಳಲ್ಲಿ ಕಿವಿಗೆ ಎಣ್ಣೆ ಬಿಡುವ ರೂಢಿಯಿದೆ. ಎಣ್ಣೆಯು ಹೊರಗಿವಿಯಲ್ಲಿ ನಿಲ್ಲುತ್ತದೆ. ಒತ್ತಡ ಸರಿಹೊಂದಬೇಕಾದುದು ಒಳಗೆ. ಆದುದರಿಂದ ಈ ಕಾರ್ಯಕ್ಕೆ ಎಣ್ಣೆಯಿಂದ ಪ್ರಯೋಜನವಿಲ್ಲ. ತಮಟೆ ತೂತಾಗಿದ್ದರೆ ಹಾನಿಯೇ ಸರಿ. ನಸ್ಯ, ಜಲನೇತಿಗಳನ್ನು ಮೊದಲ ಬಾರಿಗೆ ದ್ವೀಪದಲ್ಲಿ ಪ್ರಯೋಗಿಸುವುದೂ ಬೇಡ.

ಇಲ್ಲಿ ಕುಂಭಕ ಸಲ್ಲದು

ನಮ್ಮ ಓದುಗರಲ್ಲಿ ಪ್ರಾಣಾಯಾಮವನ್ನು ನಿತ್ಯವೂ ಅಭ್ಯಾಸ ಮಾಡುವವರು ಅನೇಕರಿದ್ದಾರೆ. “ನನಗೆ ಒಂದು ನಿಮಿಷ ಕುಂಭಕ ಸಾಧ್ಯ, ನೀರಿನಲ್ಲಿ ನನಗೇನು ಭಯ?” ಎಂದು ಕೇಳುವವರೂ ಇದ್ದಾರೆ. ಅವರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು.

ಸಿಲಿಂಡರಿನಲ್ಲಿರುವುದು ಹಲವರು ಭಾವಿಸಿರುವಂತೆ ಶುದ್ಧ ಆಮ್ಲಜನಕವಲ್ಲ. ಒತ್ತಿ ತುಂಬಿದ ಸಾಮಾನ್ಯ ಗಾಳಿ. ಹತ್ತು ಮೀಟರು ಆಳದಲ್ಲಿ ಅದರಿಂದ ಎದೆ ತುಂಬ ಐದು ಲೀಟರು ಗಾಳಿಯನ್ನು ಎಳೆದುಕೊಂಡು, ಉಸಿರನ್ನು ಬಿಗಿಹಿಡಿದು ಮೇಲೇರಿದರೆ, ಮೇಲ್ಮೈಗೆ ಬರುವಷ್ಟರಲ್ಲಿ ಅದೇ ಗಾಳಿಯು ಹತ್ತು ಲೀಟರಾಗಲು ಹವಣಿಸುತ್ತದೆ. ಶ್ವಾಸಕೋಶಕ್ಕೆ ಅಷ್ಟು ಎಡೆಯಿಲ್ಲ. ಅದರ ತೆಳುಪೊರೆ ಹರಿದು ಗಾಳಿಯು ಎದೆಗೂಡಿಗೆ ನುಗ್ಗಬಹುದು, ರಕ್ತನಾಳಕ್ಕೆ ಸೇರಿ ಮಿದುಳನ್ನು ತಲುಪಬಹುದು. ಒಂದೆರಡು ಮೀಟರು ಆಳದಿಂದ ಗಾಬರಿಗೊಂಡು ಉಸಿರು ಕಟ್ಟಿ ಚಿಮ್ಮಿ ಮೇಲೆ ಬಂದವರಿಗೂ ಇಂತಹ ಅಪಾಯ ಸಂಭವಿಸಿದೆ. ಆದುದರಿಂದ ಸ್ಕೂಬಾದ ಮೊದಲ ನಿಯಮವೇ ಉಸಿರನ್ನು ಎಂದಿಗೂ ಹಿಡಿಯಬಾರದು ಎಂಬುದು. ಪೂರಕ, ರೇಚಕಗಳು ನಿಧಾನವಾಗಿ, ಸತತವಾಗಿ ನಡೆಯುತ್ತಿರಬೇಕು. ಪ್ರಾಣಾಯಾಮದಿಂದ ಬಂದ ಶಾಂತಿ ಇಲ್ಲಿ ಬಹಳ ಉಪಕಾರಿ. ಅದರಿಂದ ಬಂದ ಕುಂಭಕ ಮಾತ್ರ ದಡದಲ್ಲಿಯೇ ಇರಲಿ.

ಸಿಲಿಂಡರು ಇಲ್ಲದೆ ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ ಧರಿಸಿ ಈಜುವವರಿಗೂ ಒಂದು ಎಚ್ಚರಿಕೆ ಇದೆ. ಭಸ್ತ್ರಿಕೆಯಂತೆ ವೇಗವಾಗಿ ಹತ್ತಾರು ಬಾರಿ ಉಸಿರಾಡಿ, ಅನಂತರ ಉಸಿರು ಕಟ್ಟಿ ಮುಳುಗುವುದನ್ನು ಕೆಲವು ಯುವಕರು ಮಾಡುತ್ತಾರೆ. ಉಸಿರಾಡಬೇಕೆಂಬ ತವಕವನ್ನು ಹುಟ್ಟಿಸುವುದು ಮುಖ್ಯವಾಗಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡು. ವೇಗದ ಉಸಿರಾಟದಿಂದ ಅದು ಕಡಿಮೆಯಾದಾಗ ತವಕವೇ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಮುಗಿದು ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಒಳ್ಳೆಯ ಈಜುಗಾರರು ಎದೆಮಟ್ಟದ ನೀರಿನಲ್ಲಿ ಪ್ರಾಣ ಕಳೆದುಕೊಳ್ಳುವುದು ಹೀಗೆಯೇ.

ಗೋಲಿಸೋಡಾದ ಪಾಠ

ಗೋಲಿಸೋಡಾದ ಬಾಟಲಿಯಲ್ಲಿ ಗೋಲಿ ಬಾಯಿಗೆ ಬಿಗಿದು ಕುಳಿತಿರುವವರೆಗೆ ನೀರು ತಿಳಿಯಾಗಿಯೇ ಕಾಣುತ್ತದೆ. ಗೋಲಿಯನ್ನು ಒಳಕ್ಕೆ ಒತ್ತಿದ ಕ್ಷಣವೇ ಒತ್ತಡ ಇಳಿದು, ಕರಗಿದ್ದ ಅನಿಲವು ಗುಳ್ಳೆಗಳಾಗಿ ಏಳುತ್ತದೆ. ಮುಳುಗುವವನ ದೇಹದಲ್ಲಿಯೂ ಇದೇ ನಡೆಯುತ್ತದೆ. ಗಾಳಿಯಲ್ಲಿ ಐದನೆಯ ನಾಲ್ಕು ಭಾಗ ಸಾರಜನಕ. ಆಳದಲ್ಲಿ ಹೆಚ್ಚಿನ ಒತ್ತಡದಿಂದ ಅದು ರಕ್ತ, ಮೇದಸ್ಸು, ಕೀಲುಗಳಲ್ಲಿ ಕರಗುತ್ತದೆ. ನಿಧಾನವಾಗಿ ಮೇಲೇರಿದರೆ ಉಸಿರಿನ ಮೂಲಕ ಹೊರಹೋಗುತ್ತದೆ. ಆತುರದಿಂದ ಮೇಲೇರಿದರೆ ದೇಹದೊಳಗೆಯೇ ಗುಳ್ಳೆಗಳಾಗುತ್ತವೆ.

ಈ ರೋಗವನ್ನು ವೈದ್ಯಲೋಕವು ಗುರುತಿಸಿದ್ದು ಒತ್ತಡದ ಗಾಳಿಯಲ್ಲಿ ಕೆಲಸ ಮಾಡುವ ಕಾರ್ಮಿಕರಲ್ಲಿ. ಅಮೆರಿಕದ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕಾಗಿ ನದಿಯ ತಳದಲ್ಲಿ ಒತ್ತಡದ ಗಾಳಿ ತುಂಬಿದ ಭಾರಿ ಪೆಟ್ಟಿಗೆಗಳೊಳಗೆ ಅಗೆಯುತ್ತಿದ್ದವರು ಮೇಲೆ ಬಂದೊಡನೆ ಕೀಲುನೋವಿನಿಂದ ಬಾಗಿಹೋಗುತ್ತಿದ್ದರು. ಆ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ 1872ರಲ್ಲಿ ಇದಕ್ಕೆ ತುತ್ತಾಗಿ ದೀರ್ಘಕಾಲ ಹಾಸಿಗೆ ಹಿಡಿದರು. ಇದಕ್ಕೆ ಸಾರಜನಕದ ಗುಳ್ಳೆಗಳೇ ಕಾರಣವೆಂದು 1878ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಫ್ರಾನ್ಸಿನ ಪಾಲ್ ಬೆರ್ ತೋರಿಸಿಕೊಟ್ಟರು. ಹಂತಹಂತವಾಗಿ ಮೇಲೇರುವ ಲೆಕ್ಕಪಟ್ಟಿಗಳನ್ನು ಬ್ರಿಟನ್ನಿನ ಜೆ.ಎಸ್. ಹಾಲ್ಡೇನ್ ಆಡುಗಳ ಮೇಲಿನ ಪ್ರಯೋಗಗಳಿಂದ ಸಿದ್ಧಪಡಿಸಿ 1908ರಲ್ಲಿ ಪ್ರಕಟಿಸಿದರು.

ಮುಳುಗಿ ಬಂದ ಮೇಲೆ, ಸಾಮಾನ್ಯವಾಗಿ ಕೆಲವು ಗಂಟೆಗಳೊಳಗೆ ಮತ್ತು ಹೆಚ್ಚಿನವರಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ, ಭುಜ ಅಥವಾ ಮೊಣಕೈಯಲ್ಲಿ ಆಳವಾದ ನೋವು, ಚರ್ಮದಲ್ಲಿ ಕೆಂಪು ಗೀರುಗಳು, ಜೋಮು, ಕಾಲುಗಳಲ್ಲಿ ನಿಶ್ಶಕ್ತಿ, ತಲೆಸುತ್ತು, ಕಾರಣವಿಲ್ಲದ ವಿಪರೀತ ಆಯಾಸ ಕಾಣಿಸಿದರೆ ಅದನ್ನು ‘ವಾತ’ವೆಂದು ಎಣ್ಣೆ ತಿಕ್ಕಿ ಮಲಗಬಾರದು. ಆಯುರ್ವೇದ ವೈದ್ಯರಾಗಿಯೇ ನಾವು ಇದನ್ನು ಸ್ಪಷ್ಟವಾಗಿ ಹೇಳುತ್ತೇವೆ: ಈ ಗುಳ್ಳೆಗಳನ್ನು ಕರಗಿಸುವ ಚೂರ್ಣವಾಗಲಿ, ತೈಲವಾಗಲಿ ನಮ್ಮ ಭಂಡಾರದಲ್ಲಿಲ್ಲ. ರೋಗಿಯನ್ನು ಮಲಗಿಸಿ ಶುದ್ಧ ಆಮ್ಲಜನಕವನ್ನು ಕೊಡುವುದೇ ಪ್ರಥಮ ಚಿಕಿತ್ಸೆ. ಅನಂತರ ಅವನನ್ನು ಒತ್ತಡದ ಕೋಣೆಯಿರುವ ಆಸ್ಪತ್ರೆಗೆ ಒಯ್ಯಬೇಕು. ಹಣ ಕಟ್ಟುವ ಮೊದಲೇ ವಿಹಾರಧಾಮದವರನ್ನು ಎರಡು ಪ್ರಶ್ನೆ ಕೇಳಿರಿ. ನಿಮ್ಮ ದೋಣಿಯಲ್ಲಿ ಆಮ್ಲಜನಕವಿದೆಯೇ? ಈಗ ಕೆಲಸ ಮಾಡುತ್ತಿರುವ ಒತ್ತಡದ ಕೋಣೆ ಹತ್ತಿರದಲ್ಲಿ ಎಲ್ಲಿದೆ, ಅಲ್ಲಿಗೆ ತಲುಪಲು ಎಷ್ಟು ಹೊತ್ತು? ನೇರ ಉತ್ತರ ಕೊಡದವರಲ್ಲಿ ಮುಳುಗಬೇಡಿರಿ.

ಹಿಂದಿರುಗುವ ದಿನದಿಂದ ಎಣಿಸಿರಿ

ವಿಮಾನವು ಮೇಲೇರಿದಾಗ ಒಳಗಿನ ಗಾಳಿಯ ಒತ್ತಡ ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುತ್ತದೆ. ದೇಹದಲ್ಲಿ ಸಾರಜನಕ ಇನ್ನೂ ಉಳಿದಿದ್ದರೆ ಗೋಲಿ ಒತ್ತಿದಂತೆಯೇ ಆಗುತ್ತದೆ. ಆದುದರಿಂದ ಒಂದೇ ಬಾರಿ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಅಥವಾ ಹಲವು ದಿನ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆಂಬುದು ಅಂಗೀಕೃತ ನಿಯಮ. ಗೃಹಸ್ಥರು 24 ಗಂಟೆ ಎಂದು ನೆನಪಿಟ್ಟುಕೊಂಡರೆ ಲೆಕ್ಕವೂ ಸುಲಭ, ಕ್ಷೇಮವೂ ಹೆಚ್ಚು.

ಹೀಗಾಗಿ ಪ್ರವಾಸವನ್ನು ಕೊನೆಯಿಂದ ಮೊದಲಿಗೆ ಯೋಜಿಸಬೇಕು. ವಿಮಾನ ಹತ್ತುವ ದಿನವನ್ನು ಬರೆಯಿರಿ. ಅದರ ಹಿಂದಿನ ದಿನ ಮುಳುಗುವಂತಿಲ್ಲ. ಅಂದು ದ್ವೀಪವನ್ನು ಸುತ್ತಿರಿ, ವಿಶ್ರಮಿಸಿರಿ. ಅದಕ್ಕೂ ಹಿಂದಿನ ಒಂದೆರಡು ದಿನ ಮುಳುಗುವುದಕ್ಕೆ. ತಲುಪಿದ ಮೊದಲ ದಿನ ಕೇವಲ ವಿಶ್ರಾಂತಿಗೆ. ಎರಡನೆಯ ದಿನ ಹವಳದ ದಂಡೆಯೊಳಗಿನ ಆಳವಿಲ್ಲದ ಶಾಂತ ನೀರಿನಲ್ಲಿ ಅಭ್ಯಾಸಕ್ಕೆ. ಒಟ್ಟು ಆರು ದಿನಗಳಿಲ್ಲದವರು ಮುಳುಗುವ ಆಸೆಯನ್ನು ಬಿಡುವುದು ಮೇಲು.

ಬೆಟ್ಟಕ್ಕೂ ಇದೇ ನಿಯಮ. ದ್ವೀಪದಿಂದ ಕೊಚ್ಚಿಗೆ ಬಂದು ನೇರವಾಗಿ ಮುನ್ನಾರ್, ಊಟಿಗಳಿಗೆ ಹೋಗುವ ಯೋಜನೆಯಿದ್ದರೆ ಆ ಗಂಟೆಗಳನ್ನೂ ಎಣಿಸತಕ್ಕದ್ದು. ನಮ್ಮದೇ ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದಲ್ಲಿ ಮುಳುಗಿ ಅದೇ ಸಂಜೆ ಬಸ್ಸು ಹತ್ತಿ ಬೆಂಗಳೂರಿಗೆ ಹೊರಡುವವರು ಬಹಳ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಅವರೂ ಒಂದು ರಾತ್ರಿ ಕರಾವಳಿಯಲ್ಲಿ ತಂಗುವುದು ಕ್ಷೇಮ.

ಪ್ರಶ್ನಾವಳಿ ಯಾರಿಗಾಗಿ?

ಉಬ್ಬಸ, ಮೂರ್ಛೆರೋಗ, ಹೃದ್ರೋಗ, ಹಿಂದೆ ಶ್ವಾಸಕೋಶ ಕುಸಿದದ್ದು, ಕಿವಿಯ ಶಸ್ತ್ರಚಿಕಿತ್ಸೆ, ಇನ್ಸುಲಿನ್ ಪಡೆಯುವ ಮಧುಮೇಹ, ರಕ್ತದೊತ್ತಡ ಇವುಗಳಲ್ಲಿ ಯಾವುದಿದ್ದರೂ ತಜ್ಞ ವೈದ್ಯರ ಪರೀಕ್ಷೆಯಿಲ್ಲದೆ ಮುಳುಗಬಾರದು. ನಲವತ್ತೈದು ದಾಟಿದವರು ಹೃದಯದ ಪರೀಕ್ಷೆ ಮಾಡಿಸಿಕೊಳ್ಳುವುದು ಉತ್ತಮ. ಗರ್ಭಿಣಿಯರಿಗೆ ಯಾವ ಕಾರಣಕ್ಕೂ ಸಲ್ಲದು. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕಡಲೊಳಗೆ ಇಳಿಸಬಾರದು.

‘ಇಲ್ಲ’ ಎಂದು ಸುಳ್ಳು ಗುರುತು ಹಾಕಿದರೆ ತರಬೇತುದಾರನನ್ನು ವಂಚಿಸಿದಂತೆ ಕಾಣಬಹುದು; ನಿಜವಾಗಿ ಅವನ ಕೈಯಲ್ಲಿದ್ದ ದೀಪವನ್ನು ನಾವೇ ಆರಿಸಿದಂತೆ. ನೀರಿನೊಳಗೆ ನಮಗೆ ತೊಂದರೆಯಾದಾಗ ಕಾರಣವನ್ನು ಊಹಿಸಲು ಅವನಿಗೆ ಬೇರೆ ಆಧಾರವಿಲ್ಲ. ಇನ್ನೊಂದು ಸಂಗತಿ: ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಅನೇಕವು ಸ್ಕೂಬಾವನ್ನು ಒಳಗೊಳ್ಳುವುದಿಲ್ಲ. ಒಳಗೊಂಡಿದ್ದರೂ ರೋಗವನ್ನು ಮುಚ್ಚಿಟ್ಟಿದ್ದು ತಿಳಿದರೆ ಪರಿಹಾರ ನಿಲ್ಲಬಹುದು. ಮುಳುಗುವ ಆಳದ ಮಿತಿ, ರೋಗಿಯನ್ನು ಸಾಗಿಸುವ ವೆಚ್ಚ ಇವೆರಡನ್ನು ವಿಮೆಯ ಪತ್ರದಲ್ಲಿ ಓದಿ ನೋಡಿರಿ.

ಶಿಕ್ಷಕರಿಗೆ ನಾವು ಹೇಳಿದ್ದು ಇಷ್ಟು: “ನಾಡಿ ನೋಡಿ ಹೇಳುವ ಮಾತು ಇದಲ್ಲ. ಹೃದಯತಜ್ಞರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ಅವರು ಏನು ಹೇಳುತ್ತಾರೋ ಅದನ್ನೇ ಪ್ರಶ್ನಾವಳಿಯಲ್ಲಿ ಬರೆಯಿರಿ.”

ಆಹಾರ, ನೀರು, ಔಷಧಿ

ಬಯಲುಸೀಮೆಯ ನಾವು ಜಾಂಗಲ ದೇಶದವರು, ಒಣಹವೆಗೆ ಒಗ್ಗಿದವರು. ದ್ವೀಪವು ತೇವ ತುಂಬಿದ ಆನೂಪ ದೇಶ. ಅಲ್ಲಿ ಬೆವರು ಆರುವುದಿಲ್ಲ, ಹಸಿವು ಮಂದವಾಗುತ್ತದೆ. ಲಘುವಾದ, ಬಿಸಿಯಾದ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಸೇವಿಸಿರಿ. ದ್ವೀಪದವರ ಆಹಾರದಲ್ಲಿ ಮೀನು ಪ್ರಧಾನ. ತರಕಾರಿ, ಬೇಳೆಗಳು ಬಹುಪಾಲು ಹಡಗಿನಲ್ಲಿ ಬರಬೇಕು. ಸಸ್ಯಾಹಾರಿಗಳು ಸ್ಥಳವನ್ನು ಕಾಯ್ದಿರಿಸುವಾಗಲೇ ಲಿಖಿತವಾಗಿ ತಿಳಿಸಿರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಜೊತೆಗಿದ್ದರೆ ನಿಶ್ಚಿಂತೆ.

ಹವಳದ ದ್ವೀಪಗಳಲ್ಲಿ ನದಿ, ಕೆರೆಗಳಿಲ್ಲ. ಮಳೆಯ ನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಕವರತ್ತಿಯಲ್ಲಿ 2005ರಲ್ಲಿ ದಿನಕ್ಕೆ ಒಂದು ಲಕ್ಷ ಲೀಟರು ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕ ಆರಂಭವಾಯಿತೆಂಬುದೇ ಅಲ್ಲಿ ನೀರು ಎಷ್ಟು ಅಮೂಲ್ಯವೆಂಬುದಕ್ಕೆ ಸಾಕ್ಷಿ. ಮಿತವಾಗಿ ಬಳಸಿರಿ. ಆದರೆ ಕುಡಿಯುವುದರಲ್ಲಿ ಮಿತಿ ಬೇಡ: ನೀರಿನಲ್ಲಿ ಮುಳುಗಿದಾಗ ಮೂತ್ರ ಹೆಚ್ಚುತ್ತದೆ, ದೇಹ ಒಣಗುತ್ತದೆ, ಒಣಗಿದ ದೇಹಕ್ಕೆ ಗುಳ್ಳೆಗಳ ತೊಂದರೆಯೂ ಹೆಚ್ಚು. ಬಿಗಿಯಾದ ಉಡುಪನ್ನು ಕಳಚುವ ಬೇಸರಕ್ಕೆ ನೀರು ಕುಡಿಯದಿರುವುದು, ಮೂತ್ರವನ್ನು ತಡೆಯುವುದು ಎರಡೂ ತಪ್ಪು. ವೇಗಧಾರಣವು ರೋಗಕಾರಕವೆಂದು ಚರಕಾಚಾರ್ಯರು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಹೊರಡುವ ವಾರದಲ್ಲಿ ವಿರೇಚನಾದಿ ಶೋಧನಗಳನ್ನು ಮಾಡಿಸಿಕೊಳ್ಳಬೇಡಿರಿ, ದೇಹ ಕೃಶವಾಗಿರುತ್ತದೆ. ಮದ್ಯವು ಮುಳುಗುವವನಿಗೆ ಸರ್ವಥಾ ವರ್ಜ್ಯ.

ಹಡಗಿನ ಓಲಾಟಕ್ಕೆ ಶುಂಠಿ ಒಳ್ಳೆಯದು. ಹಸಿಶುಂಠಿಯ ತುಣುಕನ್ನು ಉಪ್ಪಿನೊಡನೆ ಹೊರಡುವ ಅರ್ಧ ಗಂಟೆ ಮೊದಲು ಅಗಿಯಿರಿ. ವಾಂತಿಯ ಮಾತ್ರೆಗಳಲ್ಲಿ ಹಲವು ನಿದ್ರೆ ತರುವುದರಿಂದ ಅವುಗಳ ಮಂಪರು ಇಳಿಯದೆ ಮುಳುಗಬಾರದು. ನಿತ್ಯ ಸೇವಿಸುವ ಔಷಧಗಳನ್ನು ಪ್ರವಾಸದ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ ಒಯ್ಯಿರಿ, ಹಡಗು ತಡವಾಗುವುದುಂಟು. ಅರಿಷ್ಟ, ಆಸವಗಳ ಬಾಟಲಿಗಳ ಬದಲು ವಟಿ, ಚೂರ್ಣಗಳು ಅನುಕೂಲ. ಹವಳ ತರಚಿದ ಗಾಯವನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆಯಿರಿ. ಮೀನಿನ ಮುಳ್ಳಿನ ವಿಷಕ್ಕೆ ಸಹಿಸಬಹುದಾದಷ್ಟು ಬಿಸಿನೀರಿನಲ್ಲಿ ಆ ಅಂಗವನ್ನು ಅದ್ದಿ, ಕೂಡಲೇ ವೈದ್ಯರನ್ನು ಕಾಣಿರಿ. ನೆನಪಿಗೆಂದು ಹವಳದ ತುಂಡನ್ನು ತರಬೇಡಿರಿ. ಅದು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ಲಿಂಗಧಾರಿಗಳಿಗೆ ಒಂದು ಮಾತು. ಸಡಿಲವಾಗಿ ತೂಗುವ ಯಾವ ದಾರವೂ ಮುಳುಗುವವನ ಸಲಕರಣೆಗಳಿಗೆ ಸಿಕ್ಕಿಕೊಳ್ಳಬಹುದು. ಕರಡಿಗೆ, ಶಿವದಾರಗಳನ್ನು ಉಡುಪಿನೊಳಗೆ ಎದೆಗೆ ಹೊಂದಿಸಿ ಭದ್ರಪಡಿಸಿರಿ. ಮೊದಲೇ ತರಬೇತುದಾರರಿಗೆ ತಿಳಿಸಿರಿ. ಆಚಾರದ ವಿಷಯವಾಗಿ ಸಂದೇಹವಿದ್ದರೆ ಹೊರಡುವ ಮೊದಲೇ ಪೂಜ್ಯರನ್ನು ಕೇಳಿ ತಿಳಿಯುವುದು ಯುಕ್ತ.

ಮಾರ್ಚ್ ತಿಂಗಳಲ್ಲಿ ಆ ದಂಪತಿಗಳು ಮತ್ತೆ ಬಂದಿದ್ದರು. ಹೃದಯತಜ್ಞರು ಶಿಕ್ಷಕರಿಗೆ ಬೇಡವೆಂದಿದ್ದರು. ಅವರ ಧರ್ಮಪತ್ನಿಗೆ ಪರೀಕ್ಷೆಯ ನಂತರ ಅನುಮತಿ ದೊರೆತಿತ್ತು. ತರಬೇತುದಾರನ ಕೈಹಿಡಿದು ಆ ತಾಯಿ ಏಳು ಮೀಟರು ಆಳಕ್ಕೆ ಹೋಗಿಬಂದರು. “ಸಾಲಿ ಬಿಟ್ಟಾಗ ಹುಡುಗೋರು ಓಡಿ ಬರ್ತಾವಲ್ರಿ, ಹಂಗ ಮೀನು ಬಂದುವು” ಎಂದು ನಕ್ಕರು. ಶಿಕ್ಷಕರು ಆ ಹೊತ್ತು ಗಾಜಿನ ತಳದ ದೋಣಿಯಲ್ಲಿ ಕುಳಿತಿದ್ದರಂತೆ. “ನಿಮಗೆ ಬೇಸರವಾಗಲಿಲ್ಲವೇ?” ಎಂದು ಕೇಳಿದೆವು. “ಇಲ್ರಿ ಡಾಕ್ಟರ. ಕೆಳಗಿಂದ ಗುಳ್ಳಿ ಒಂದರ ಹಿಂದ ಒಂದು ಮ್ಯಾಲೆ ಬರ್ತಿದ್ದುವು. ಉಸಿರು ಹಿಡಿದಿಲ್ಲ, ಬಿಡಾಕತ್ತಾಳ ಅಂತ ಗೊತ್ತಾತು. ಅಷ್ಟ ಸಾಕಾತು” ಎಂದರು.

ಪ್ರವಾಸ ಹೊರಡುವ ಸದ್ಭಕ್ತರೆಲ್ಲರೂ ತಮ್ಮ ದೇಹದ ಮಾತನ್ನು ಕೇಳಿ, ಸತ್ಯವನ್ನು ಬರೆದುಕೊಟ್ಟು, ಸುಖವಾಗಿ ಹೋಗಿ ಸುಖವಾಗಿ ಹಿಂದಿರುಗಲೆಂದು ಹಾರೈಸುತ್ತೇವೆ.